ಬಂಪರ್‌ನ ಆ ತುಂಡು ಮತ್ತು ನನ್ನ ಬಿಪಿ

ಇವತ್ತು ಬೆಳಗ್ಗೆ ಮತ್ತೆ ಹಳೇ ಕಾರು ರಿಪೇರಿ ಮಾಡೋ ನಮ್ಮ ವರ್ಕ್‌ಶಾಪಿಗೆ ಹೋಗಿದ್ದೆ. ಕೆಲಸ ಬಿಟ್ಟ ಮೇಲೂ ಅಲ್ಲೇನು ಮಾಡ್ತೀಯ ಅಂತ ಕೇಳಬೇಡಿ. ನಿಮಗೆಲ್ಲ ಗೊತ್ತಿರೋದೇ. ಮನೆಯಲ್ಲಿ ಕೂರಿಸಿದರೆ ಚೆನ್ನಾಗಿ ಓಡುತ್ತಿರೋ ಗಡಿಯಾರ ಬಿಚ್ಚುತ್ತೇನೆ. ಅದಕ್ಕೆ ಮನೆಯವರೇ ಓಡಿಸುತ್ತಾರೆ.

ಅಲ್ಲಿ ಮಾರಿಸ್ ಮೈನರ್ ಅನ್ನೋ ಹಳೇ ಬ್ರಿಟಿಷ್ ಕಾರೊಂದು ಬಂದು ನಿಂತಿತ್ತು. ಯಾವುದೋ ಮೈನರ್ ಅಲ್ಲ ಸ್ವಾಮಿ. ಹೆಡ್‌ಲೈಟು ಕೆಳಗೆ ಗ್ರಿಲ್ ಪಕ್ಕದಲ್ಲೇ ಕೂತಿರುವ, 918 ಸಿಸಿ ಸೈಡ್ ವಾಲ್ವ್ ಎಂಜಿನ್ನಿನ, ಮೊದಮೊದಲ ಮೈನರ್. ಬಣ್ಣ ಮಾಸಿದೆ, ಸೀಟು ಹರಿದಿದೆ, ಬಾಗಿಲ ಕೆಳಗೆ ತುಕ್ಕು ತಿಂದಿದೆ. ಅದೆಲ್ಲ ಇರಲಿ. ನಾನು ಸೀದಾ ಬಂಪರ್ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತೆ. ಮಧ್ಯದಲ್ಲಿ ಆ ಸಣ್ಣ ತುಂಡು ಹಾಗೇ ಇದೆ! ಖುಷಿಗೆ ಅದನ್ನೊಮ್ಮೆ ಸವರಿದೆ ಕೂಡ.

ಅಷ್ಟರಲ್ಲಿ ಓನರ್ ಬಂದರು. ಒಳ್ಳೆಯ ಮನುಷ್ಯ, ಮೆತ್ತಗೆ ಮಾತಾಡುತ್ತಾರೆ. "ಅದೇ ಸಾರ್, ನಾನೂ ಅದನ್ನೇ ಹೇಳಬೇಕು ಅಂತಿದ್ದೆ. ಹಿಂದೆ ಯಾರೋ ಬಂಪರ್‌ಗೆ ತುಂಡು ಸೇರಿಸಿದಾರೆ. ಅದನ್ನ ತೆಗೆಸಿ ಒಂದೇ ಪೀಸ್ ಮಾಡಿಸಿ. ಎಲ್ಲ ಹೊಸದರ ಥರ ಆಗಬೇಕು."

ಯಾರೋ!

ಆ ಯಾರೋ ಬೇರೆ ಯಾರೂ ಅಲ್ಲ, ಆ ಕಾರು ಮಾಡಿದ ಕಾರ್ಖಾನೆಯೇ. ಮೈನರ್ ಡಿಸೈನ್ ಮಾಡಿದ್ದು ಅಲೆಕ್ ಇಸಿಗೋನಿಸ್. ಆಮೇಲೆ 1959ರಲ್ಲಿ ಬಂದ ಮಿನಿಯೂ ಅವರದೇ. ಎಲ್ಲ ತಯಾರಾದ ಮೇಲೆ, ಕೊನೇ ಗಳಿಗೆಯಲ್ಲಿ, ಕಾರು ಯಾಕೋ ಸಣಕಲಾಗಿದೆ ಅನ್ನಿಸಿತಂತೆ ಅವರಿಗೆ. ಮಾದರಿ ಕಾರನ್ನು ಉದ್ದಕ್ಕೆ ಎರಡು ಸೀಳು ಮಾಡಿಸಿ, ಎರಡೂ ಅರ್ಧ ದೂರ ಸರಿಸಿ ನೋಡಿದರು. 4 ಇಂಚು ಅಗಲ ಮಾಡಿದಾಗ ಕಣ್ಣಿಗೆ ಸರಿ ಕಂಡಿತು. ಸರಿ, ಹಾಗೇ ಆಗಲಿ. ಆದರೆ ಅಷ್ಟು ಹೊತ್ತಿಗೆ ಬಂಪರ್‌ಗಳನ್ನು ಹಳೇ ಅಳತೆಗೇ ಒತ್ತಿಸಿ ಆಗಿತ್ತು. ಬಿಸಾಡೋಕೆ ಆಗುತ್ತಾ? ಮಧ್ಯಕ್ಕೆ ಕತ್ತರಿಸಿ, 4 ಇಂಚಿನ ತುಂಡು ಸೇರಿಸಿ ಹಾಕಿಬಿಟ್ಟರು. 1948ರಲ್ಲಿ ಲಂಡನ್ನಿನ ಮೋಟರ್ ಶೋನಲ್ಲಿ ಕಾರು ಜನರ ಮುಂದೆ ಬಂತು. ಬಾನೆಟ್ ನಡುವೆ ಉದ್ದಕ್ಕೂ ಒಂದು ಚಪ್ಪಟೆ ಪಟ್ಟಿ ಕಾಣುತ್ತದಲ್ಲ, ಅದೂ ಆ 4 ಇಂಚಿನ ಗುರುತೇ.

ಅಂದರೆ ಒಬ್ಬ ಮನುಷ್ಯ ಮನಸ್ಸು ಬದಲಾಯಿಸಿದ್ದು ಆ ಕಬ್ಬಿಣದಲ್ಲಿ ಕೂತಿದೆ. ಅದನ್ನು ಅಳಿಸಬೇಕಂತೆ. ಯಾಕೆ? ಹೊಸದರ ಥರ ಕಾಣಬೇಕಂತೆ. ಅಯ್ಯಾ, ಹೊಸದಿದ್ದಾಗಲೇ ಅದು ಹಾಗಿತ್ತಪ್ಪಾ!

ನನಗೆ ಇದೇ ತಲೆನೋವು. ಈ "ಹೊಸದರ ಥರ" ಅನ್ನೋ ಮಾತು. ಇಷ್ಟು ವರ್ಷದಲ್ಲಿ ಎಷ್ಟು ಸಾವಿರ ಸಲ ಕೇಳಿದ್ದೇನೋ. ಹೇಳುವವರು ಯಾರೂ ಆ ಕಾರು ಹೊಸದಿದ್ದಾಗ ಹೇಗಿತ್ತು ಅಂತ ನೋಡಿದವರಲ್ಲ. ಅವರ ತಲೆಯಲ್ಲಿರೋದು ಇವತ್ತಿನ ಶೋರೂಮಿನ ಕಾರು. ಕನ್ನಡಿ ಹಾಗೆ ಮುಖ ಕಾಣಬೇಕು. ಆ ಕನ್ನಡಿ ಬರೋದು ಬಣ್ಣದಿಂದ ಅಲ್ಲ, ಬಣ್ಣದ ಮೇಲೆ ಹೊಡೆಯೋ ಕ್ಲಿಯರ್ ಕೋಟ್‌ನಿಂದ. ಅದು ಎಲ್ಲ ಕಡೆ ಹರಡಿದ್ದೇ 1980ರ ದಶಕದಲ್ಲಿ. ಅದಕ್ಕಿಂತ ಮೊದಲು, 1923ರಲ್ಲಿ ಜನರಲ್ ಮೋಟರ್ಸ್‌ನವರು ಓಕ್‌ಲ್ಯಾಂಡ್ ಕಾರುಗಳಿಗೆ ಡ್ಯೂಪಾಂಟ್ ಕಂಪನಿಯ ಡುಕೋ ಅನ್ನೋ ಸೆಲ್ಯುಲೋಸ್ ಬಣ್ಣ ಹೊಡೆಯೋಕೆ ಶುರು ಮಾಡಿದಾಗಿನಿಂದ ಎಷ್ಟೋ ವರ್ಷ ಸೆಲ್ಯುಲೋಸ್‌ದೇ ರಾಜ್ಯ. ಅದಕ್ಕೂ ಹಿಂದೆ ವಾರ್ನಿಶ್. ಒಂದು ಕಾರು ಒಣಗಿ ಮುಗಿಯೋಕೆ ವಾರಗಟ್ಟಲೆ ಬೇಕಿತ್ತು. ಸೆಲ್ಯುಲೋಸ್‌ಗೂ ಹೊಳಪು ಇದೆ, ಇಲ್ಲ ಅನ್ನಲ್ಲ. ಆದರೆ ಅದು ಬೇರೆ ಹೊಳಪು. ಕೈಯಲ್ಲಿ ಉಜ್ಜಿ ಉಜ್ಜಿ ಬಂದ ಹೊಳಪು. ಬೆಳಕು ಅದರ ಒಳಗೆ ಇಳಿದು ಹೊರಗೆ ಬಂದ ಹಾಗೆ ಇರುತ್ತದೆ. ಕ್ಲಿಯರ್ ಕೋಟ್ ಹೊಡೆದ ಹಳೇ ಕಾರು ನನಗೆ ಪ್ಲಾಸ್ಟಿಕ್ ಕವರ್ ತೆಗೆಯದ ಸೋಫಾ ಥರ ಕಾಣುತ್ತದೆ. ಬೈಕೊಳ್ಳಿ ಬೇಕಾದರೆ.

ಮೇಲಿನ ಬಣ್ಣ ಬಿಡಿ. ಕೆಳಗಡೆ? ಆ ಕಾಲದಲ್ಲಿ ಕಾರಿನ ಹೊಟ್ಟೆ ಕೆಳಗೆ ಯಾರು ಪಾಲಿಶ್ ಮಾಡುತ್ತಿದ್ದರು? ಸ್ಪ್ರೇ ಬಂದು ಎಲ್ಲೆಂದರಲ್ಲಿ ಕೂತಿರೋದು. ಅವಸರದಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಚೆಕ್ ಮಾಡಿದವನು ಚಾಕ್‌ಪೀಸಿನಲ್ಲೋ ಕ್ರೇಯಾನಿನಲ್ಲೋ ಗೀಟು ಎಳೆದಿರುತ್ತಿದ್ದ. ಅಮೆರಿಕದಲ್ಲಿ ಹಳೇ ಕಾರ್ವೆಟ್ ಕಾರುಗಳದ್ದೇ ಒಂದು ಸೊಸೈಟಿ ಇದೆ, ಎನ್‌ಸಿಆರ್‌ಎಸ್ ಅಂತ, 1974ರಲ್ಲಿ ಶುರುವಾದದ್ದು. ಅವರು ಮಾರ್ಕ್ಸ್ ಕೊಡೋದು ಕಾರು ಎಷ್ಟು ಹೊಳೆಯುತ್ತದೆ ಅಂತ ನೋಡಿ ಅಲ್ಲ, ಕಾರ್ಖಾನೆಯಿಂದ ಹೊರಗೆ ಬಂದಾಗ ಹೇಗಿತ್ತೋ ಹಾಗಿದೆಯಾ ಅಂತ ನೋಡಿ. ಕಾರ್ಖಾನೆಯವರು ಒರಟಾಗಿ ಬಿಟ್ಟಿದ್ದನ್ನು ನೀವು ನುಣುಪು ಮಾಡಿದರೆ ಮಾರ್ಕ್ಸ್ ಕಟ್. ನನ್ನ ಕೈಲಿದ್ದರೆ ಅವರಿಗೆಲ್ಲ ಒಂದು ಸನ್ಮಾನ ಮಾಡಿಸುತ್ತಿದ್ದೆ.

ಈಗ ಕೆಲವರು ಕಾಮೆಂಟಿನಲ್ಲಿ ಬಂದೇ ಬರುತ್ತಾರೆ. ತುಕ್ಕು ಹಿಡಿದಿದ್ದನ್ನು ಹಾಗೇ ಬಿಡಬೇಕಾ? ಬ್ರೇಕ್ ಹಿಡಿಯದಿದ್ದರೆ ಇತಿಹಾಸ ಬಂದು ಕಾಪಾಡುತ್ತಾ? ಕಾರು ಅವರದು, ದುಡ್ಡು ಅವರದು, ನಿನಗ್ಯಾಕೆ ಉರಿ?

ನೋಡಿ, ಬ್ರೇಕ್ ವಿಷಯದಲ್ಲಿ ನಾನು ನಿಮಗಿಂತ ಕಟ್ಟುನಿಟ್ಟು. ರಬ್ಬರ್ ಹೋಸು, ಸಿಲಿಂಡರಿನ ಸೀಲು, ಎಲ್ಲ ಹೊಸದೇ ಹಾಕಬೇಕು. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ತೇವ ಹೀರಿಕೊಳ್ಳುತ್ತದೆ. ವರ್ಷಾನುಗಟ್ಟಲೆ ನಿಂತ ಕಾರಿನಲ್ಲಿ ಸಿಲಿಂಡರ್ ಒಳಗೇ ತುಕ್ಕು. ಪೆಟ್ರೋಲ್ ಪೈಪೂ ಅಷ್ಟೇ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಹಳೇ ರಬ್ಬರನ್ನು ತಿಂದು ಹಾಕುತ್ತದೆ. ಬದಲಾಯಿಸಿ. ಕೊಳೆತ ತಗಡು ಕತ್ತರಿಸಿ, ಹೊಸ ತಗಡು ಬೆಸೆಯಿರಿ. ಯಾರು ಬೇಡ ಅಂದರು? ಆದರೆ ಬ್ರೇಕ್ ಹಿಡಿಯೋಕೂ ಡಿಕ್ಕಿ ಒಳಗೆ ಮುಖ ಕಾಣೋಕೂ ಏನು ಸಂಬಂಧ ಹೇಳಿ. ಇನ್ನು ದುಡ್ಡು ಅವರದು ಅನ್ನೋದು. ಹೌದು, ಅವರದೇ. ಬೈಯೋ ಬಾಯಿ ನಂದು.

ಕೆಲಸದ ಮೇಲೆ ನನಗೆ ಕೋಪ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಆ ಕೆಲಸ ನೋಡೋಕೆ ಇವತ್ತಿಗೂ ಹೋಗುತ್ತೇನಲ್ಲ. ಇವತ್ತೇ ಹಿಂದಿನ ಶೆಡ್ಡಿನಲ್ಲಿ ನಮ್ಮ ಹುಡುಗ ಅಲ್ಯೂಮಿನಿಯಂ ತಗಡು ಕಾಯಿಸುತ್ತಿದ್ದ. ಕಬ್ಬಿಣ ಆದರೆ ಕೆಂಪಗಾಗಿ ಎಚ್ಚರಿಕೆ ಕೊಡುತ್ತದೆ. ಅಲ್ಯೂಮಿನಿಯಂ ಹಾಗಲ್ಲ, ಕಳ್ಳ. ಬಣ್ಣ ಬದಲಾಗೋದೇ ಇಲ್ಲ, 660 ಡಿಗ್ರಿಗೆ ಹೋದರೆ ಕರಗಿ ಕಾಲ ಮೇಲೆ. ಅದಕ್ಕೆ ಮೊದಲು ತಗಡಿಗೆ ಸಾಬೂನು ಉಜ್ಜಬೇಕು. ಕೆಳಗಿಂದ ಗ್ಯಾಸ್ ಬೆಂಕಿ ತೋರಿಸುತ್ತಾ ಹೋದರೆ ಸಾಬೂನು ಕಪ್ಪಗಾಗುತ್ತದೆ. ಆಗಲೇ ನಿಲ್ಲಿಸಬೇಕು. ಅಷ್ಟಕ್ಕೇ ತಗಡು ರೊಟ್ಟಿ ಹಿಟ್ಟಿನ ಹಾಗೆ ಮೆತ್ತಗೆ, ಹೇಳಿದ ಕಡೆ ಬಾಗುತ್ತದೆ. ಎಷ್ಟು ಸಲ ನೋಡಿದರೂ ನನಗೆ ಜಾದೂನೇ.

ಸೀಸದ ಕೆಲಸವೂ ಹಾಗೇ. ಈಗ ಎಲ್ಲರೂ ಡಬ್ಬಿ ತೆಗೆದು ಪುಟ್ಟಿ ಮೆತ್ತುತ್ತಾರೆ. ಹಿಂದೆ ಎರಡು ತಗಡು ಕೂಡೋ ಕಡೆ ಸೀಸ ಮತ್ತು ತವರ ಬೆರೆಸಿದ ಕಡ್ಡಿ ಕರಗಿಸಿ ತುಂಬುತ್ತಿದ್ದರು. 183 ಡಿಗ್ರಿ ದಾಟಿದ ಮೇಲೆ ಅದು ಪೂರ್ತಿ ನೀರಾಗೋದಿಲ್ಲ, ಗಟ್ಟಿಯಾಗೂ ಇರೋದಿಲ್ಲ, ಬೆಣ್ಣೆ ಥರ ಇರುತ್ತದೆ. ಆ ಬೆಣ್ಣೆಯ ಹೊತ್ತಿನಲ್ಲಿ ಮೇಣ ಸವರಿದ ಮರದ ಪಟ್ಟಿಯಿಂದ ಒತ್ತಿ ಆಕಾರ ಕೊಡಬೇಕು. ಬೆಂಕಿ ಸ್ವಲ್ಪ ಜಾಸ್ತಿ ಆದರೆ ಎಲ್ಲ ಜಾರಿ ನೆಲಕ್ಕೆ. ನಾನು ಕಲಿಯೋವಾಗ ನೆಲಕ್ಕೆ ಹಾಕಿದ್ದೇ ಹೆಚ್ಚು. ಸೀಸದ ಹೊಗೆ ಒಳ್ಳೆಯದಲ್ಲ, ಅದರ ಪುಡಿಯಂತೂ ಇನ್ನೂ ಕೆಟ್ಟದ್ದು, ಅದಕ್ಕೆ ಮಷೀನಿನಲ್ಲಿ ಉಜ್ಜದೆ ಅರದಲ್ಲೇ ಉಜ್ಜಬೇಕು. ಇಷ್ಟೆಲ್ಲ ಪಾಡು ಪಟ್ಟು ಯಾವನೋ ಒಬ್ಬ ಮಾಡಿದ ಜಾಯಿಂಟನ್ನು ಗ್ರೈಂಡರ್ ಹಿಡಿದ ಹುಡುಗ ಹತ್ತು ನಿಮಿಷದಲ್ಲಿ ಹಾರಿಸಿ, ಪುಟ್ಟಿ ಬಳಿದು, "ಸೂಪರ್ ಫಿನಿಶಿಂಗ್ ಸಾರ್" ಅಂದರೆ ನನ್ನ ಬಿಪಿ ಏರದೆ ಇನ್ನೇನಾಗುತ್ತದೆ?

ಜಗತ್ತು ಪೂರ್ತಿ ಹುಚ್ಚಾಗಿಲ್ಲ ಅನ್ನೋದೊಂದೇ ಸಮಾಧಾನ. ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ 2012ರಲ್ಲಿ ಟ್ಯೂರಿನ್ ಚಾರ್ಟರ್ ಅಂತ ಒಂದು ಒಪ್ಪಂದ ಮಾಡಿಕೊಂಡಿತು. ಇರೋದನ್ನು ಉಳಿಸೋಕೆ ನೋಡಿ, ಬದಲಾಯಿಸೋದು ಆಮೇಲಿನ ಮಾತು, ಏನು ಮಾಡಿದಿರಿ ಅಂತ ಬರೆದಿಡಿ, ಇಷ್ಟೇ ಅದರ ತಿರುಳು. ಇಟಲಿ, ಸ್ವಿಟ್ಜರ್ಲೆಂಡ್ ಎರಡಕ್ಕೂ ಸೇರಿದ ಮಜ್ಜೋರೆ ಸರೋವರದ ಸ್ವಿಸ್ ಕಡೆ 50 ಮೀಟರಿಗೂ ಜಾಸ್ತಿ ಆಳದಲ್ಲಿ ದಶಕಗಟ್ಟಲೆ ಮುಳುಗಿದ್ದ ಬುಗಾಟಿ ಕಾರೊಂದನ್ನು 2009ರಲ್ಲಿ ಮೇಲೆ ಎತ್ತಿದರು. ಅರ್ಧ ಮೈ ಕರಗಿ ಹೋಗಿತ್ತು. ಹರಾಜಿನಲ್ಲಿ ಕೊಂಡವರು ಅದಕ್ಕೆ ಬಣ್ಣ ಹೊಡೆಸಲಿಲ್ಲ. ಹಾಗೇ ಮ್ಯೂಸಿಯಮ್ಮಿನಲ್ಲಿ ಇಟ್ಟರು, ಜನ ಅದರ ಮುಂದೆ ಸುಮ್ಮನೆ ನಿಂತು ನೋಡುತ್ತಿದ್ದರು. ಇನ್ನು 2024ರಲ್ಲಿ ಅಮೆರಿಕದ ಪೆಬಲ್ ಬೀಚ್ ಕಾರು ಶೋ. ಹೊಳಪಿನವರ ಕಾಶಿ ಅದು, 1950ರಿಂದ ನಡೆಯುತ್ತಿದೆ. ಅಲ್ಲಿ ಮೊದಲ ಬಹುಮಾನ ಪಡೆದದ್ದು 1934ರ ಬುಗಾಟಿ ಟೈಪ್ 59. ಹೊಸದಾಗಿಸದೆ ಹಾಗೇ ಉಳಿಸಿಕೊಂಡ ಕಾರುಗಳ ವಿಭಾಗದಿಂದ ಒಂದು ಕಾರು ಅಲ್ಲಿ ಗೆದ್ದದ್ದು ಅದೇ ಮೊದಲು. ಬೆಲ್ಜಿಯಂನ ರಾಜನ ಬಳಿ ಇದ್ದ ಕಾರು, ಮೈಮೇಲೆ ಬಣ್ಣ ಬಿರುಕು ಬಿಟ್ಟಿದೆ. ಆ ಸುದ್ದಿ ಓದಿದ ದಿನ ನಾನು ಒಬ್ಬನೇ ಕೂತು ಚಪ್ಪಾಳೆ ಹೊಡೆದಿದ್ದೆ. ಮನೆಯವರು ಬಾಗಿಲಲ್ಲಿ ಇಣುಕಿ ನೋಡಿ ಹೋದರು.

ಇಷ್ಟು ಹಾರಾಡುವ ನಾನೇನು ಸಾಚಾನಾ? ಅಲ್ಲ. ಇದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ನಮ್ಮ ಮನೆಯ ಹಾಲ್‌ನಲ್ಲಿ ಕಾರು ಶೋನಲ್ಲಿ ಗೆದ್ದ ಒಂದು ಕಪ್ ಇದೆ, ನೋಡಿದ್ದೀರಿ. ಅದು ಬಂದ ಕಾರಿನ ಕೆಲಸ ಪೂರ್ತಿ ನನ್ನದೇ. ಮಾಡೆಲ್ ಹೆಸರು ಹೇಳಲ್ಲ, ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ. ಕಾರಿನ ಅಡಿಯನ್ನೂ ಮೇಲಿನಷ್ಟೇ ಹೊಳಪು ಮಾಡಿದ್ದೆ. ಶೋನಲ್ಲಿ ಕೆಳಗೆ ಕನ್ನಡಿ ಇಟ್ಟು ತೋರಿಸಿದ್ದೆವು. ಜನ "ಆಹಾ" ಅಂದರು. ನಾನೂ ಮೀಸೆ ತಿರುವಿದೆ. ಆ ಕಾರು ಬಿಚ್ಚುವಾಗ ಎಂಜಿನ್ ಹಿಂದಿನ ಗೋಡೆಯ ಮೇಲೆ ಒಂದು ಗೀಟು, ಪಕ್ಕದಲ್ಲಿ ಒಂದು ಅಂಕಿ ಇತ್ತು. ಕಾರ್ಖಾನೆಯವನೊಬ್ಬ ಕ್ರೇಯಾನಿನಲ್ಲಿ ಬರೆದದ್ದು. ತಿನ್ನರ್ ಬಟ್ಟೆ ತಗೊಂಡು ಒಂದೇ ಸಲಕ್ಕೆ ಒರೆಸಿಬಿಟ್ಟೆ. ಫೋಟೋನೂ ಇಲ್ಲ, ಏನೂ ಇಲ್ಲ.

ಎಷ್ಟೋ ವರ್ಷ ಆದ ಮೇಲೆ ಒಬ್ಬರು ಫೋನ್ ಮಾಡಿದರು. ಅದೇ ಮಾಡೆಲ್ ಕಾರು ಮಾಡುತ್ತಿದ್ದರು. ಬಹಳ ಶ್ರದ್ಧೆಯ ಮನುಷ್ಯ. "ಸಾರ್, ಗೋಡೆ ಮೇಲಿನ ಆ ಗುರುತು ಯಾವ ಬಣ್ಣದಲ್ಲಿತ್ತು? ನಿಮ್ಮ ಕಾರು ಬಿಚ್ಚಿದಾಗ ಒರಿಜಿನಲ್ ಆಗಿತ್ತಂತೆ, ನಿಮಗೇ ಗೊತ್ತಿರುತ್ತೆ" ಅಂದರು.

ಗೊತ್ತಿಲ್ಲ ಅನ್ನೋಕೆ ನಾಚಿಕೆ. ಕಪ್ ಗೆದ್ದವನು ಗೊತ್ತಿಲ್ಲ ಅಂದರೆ ಹೇಗೆ? "ಹಳದಿ" ಅಂದುಬಿಟ್ಟೆ.

ನಿಜವಾಗಿ ಕೆಂಪೋ, ಬಿಳಿಯೋ, ದೇವರಾಣೆ ನೆನಪಿಲ್ಲ.

ಅವರು ಹಳದಿ ಹಾಕಿದರು. ಫೋಟೋ ತೆಗೆದು ಗೆಳೆಯರಿಗೆಲ್ಲ ಕಳಿಸಿದರು. ಆಮೇಲೆ ನಾನೇ ಕಣ್ಣಾರೆ ನೋಡಿದ್ದು ಇನ್ನೂ ಮೂರು ಕಾರು. ಮೂರರಲ್ಲೂ ಹಳದಿ ಗೀಟು. ಒಂದು ಕಾರಿನ ಓನರ್ ನನಗೇ ಬೆರಳು ತೋರಿಸಿ "ಇದು ಫ್ಯಾಕ್ಟರಿ ಮಾರ್ಕ್ ಸಾರ್, ಹಳದಿನೇ ಇರಬೇಕು, ಬೇರೆ ಬಣ್ಣ ಇದ್ದರೆ ಡೂಪ್ಲಿಕೇಟ್" ಅಂತ ಪಾಠ ಮಾಡಿದರು. ನಾನು ತಲೆ ಆಡಿಸಿದೆ. ಇನ್ನೇನು ಮಾಡಲಿ?

ಅದಕ್ಕೇ ಇವತ್ತು ಆ ಮೈನರ್ ಓನರ್ ಜೊತೆ ಒಂದು ಗಂಟೆ ಕೂತೆ. ಇಸಿಗೋನಿಸ್ ಕಥೆ ಹೇಳಿದೆ, 4 ಇಂಚು ಟೇಪಿನಲ್ಲಿ ಅಳೆದು ತೋರಿಸಿದೆ. ಅವರು ಬಂಪರ್‌ನ ತುಂಡನ್ನೇ ನೋಡುತ್ತಾ ಕೂತರು. ಕೊನೆಗೆ "ಸರಿ ಸಾರ್, ಅದನ್ನ ಬಿಡೋಣ" ಅಂದರು. ಡ್ಯಾಶ್‌ಬೋರ್ಡಿನ ಹಿಂದೆ ಅಂಗೈ ಅಗಲ ಹಳೇ ಬಣ್ಣವನ್ನೂ ಬಿಡಲು ಒಪ್ಪಿದರು. ಹುಡುಗ ಸುತ್ತ ಟೇಪ್ ಅಂಟಿಸಿ, ಮೇಲೆ "ಮುಟ್ಟಬೇಡಿ" ಅಂತ ಬರೆದ. ನಾನು ಗೆದ್ದೆ ಅಂದುಕೊಂಡು ಮನೆಗೆ ಬಂದೆ.

ಈಗ ಇದನ್ನು ಬರೆಯುತ್ತಿರುವಾಗ ಅವರದೇ ಮೆಸೇಜು ಬಂತು. "ಸಾರ್, ತುಂಡು ಇರಲಿ. ಆದರೆ ಬಾನೆಟ್ ಮಧ್ಯದ ಆ ಪಟ್ಟಿ ಸ್ವಲ್ಪ ತಗ್ಗಿಸಿದರೆ ಇನ್ನೂ ನೀಟಾಗಿ ಕಾಣಲ್ವಾ?"

ನಾಳೆ ಎಲ್ಲರಿಗಿಂತ ಮೊದಲು ಹೋಗಬೇಕು. ಗ್ರೈಂಡರಿನ ವೈರು ಎಲ್ಲಿ ಇಡುತ್ತಾರೆ ಅಂತ ನನಗೆ ಗೊತ್ತಿದೆ.