ಚೆಂಡು ಒದೆಯೋಕೆ ಕಮಿಟಿ ಯಾಕೆ ಬೇಕಂತೆ!

ನಿನ್ನೆ ನಮ್ಮ ಫುಟ್‌ಬಾಲ್ ಟೂರ್ನಿಯ ಫೈನಲ್ ಮುಗಿದ ಮೇಲೆ ಕುರ್ಚಿಗಳನ್ನು ಪಿಕಪ್‌ಗೆ ಹಾಕುತ್ತಿದ್ದೆವು. ಒಬ್ಬರು ಬಂದು ಕೇಳಿದರು, "ಅಲ್ಲ, ಚೆಂಡು ಒದೆಯೋಕೆ ಇಷ್ಟು ದೊಡ್ಡ ಕಮಿಟಿ ಯಾಕೆ? ನೀವೆಲ್ಲ ಏನು ಮಾಡ್ತೀರಿ?" ಅವರ ಕೈಯಲ್ಲಿ ಇದ್ದದ್ದು ನಾವೇ ಕೊಟ್ಟ ಕಾಫಿ. ಸುಮ್ನೆ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಇದು.

ಏನು ಮಾಡ್ತೀವಿ ಅಂದರೆ, ಮೊದಲು ದಿನ ಹುಡುಕುತ್ತೇವೆ ಸ್ವಾಮಿ. ಕೊಡಗಿನಲ್ಲಿ ಅದೇ ದೊಡ್ಡ ಕೆಲಸ. ಜೂನ್‌ನಿಂದ ಸೆಪ್ಟೆಂಬರ್ ತನಕ ಮೈದಾನವೆಲ್ಲ ಕೆಸರು. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು. ನಮ್ಮ ಒಳ್ಳೆಯ ಆಟಗಾರರಲ್ಲಿ ಎಷ್ಟೋ ಜನ ಕಾಫಿ ತೋಟದ ಕಾರ್ಮಿಕರ ಲೈನ್‌ಮನೆ ಹುಡುಗರು, ಭಾನುವಾರ ಬಿಟ್ಟರೆ ಸಿಗುವುದಿಲ್ಲ. ಮಾರ್ಚ್‌ನಲ್ಲಿ ಪರೀಕ್ಷೆ, ಜೊತೆಗೆ ಕಾಫಿ ಹೂ ಅರಳಿಸಲು ಹೇಳದೆ ಕೇಳದೆ ಬರುವ ಹೂಮಳೆ. ಏಪ್ರಿಲ್, ಮೇ ಬಂದರೆ ಜಿಲ್ಲೆಗೆ ಜಿಲ್ಲೆಯೇ ಹಾಕಿ ನೋಡಲು ಹೊರಡುತ್ತದೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ನಮ್ಮೆಗೆ, ಅಂದರೆ ಹಾಕಿ ಹಬ್ಬಕ್ಕೆ, 2024ರಲ್ಲಿ ನಾಪೋಕ್ಲಿನಲ್ಲಿ 360 ತಂಡ ಬಂದಿದ್ದವು. ಅದರ ಮೇಲೆ ಸಿಟ್ಟಿಲ್ಲ. ಹೊಟ್ಟೆಕಿಚ್ಚಿದೆ. ನಾವು ಹದಿನಾರು ತಂಡ ಸೇರಿಸುವಷ್ಟರಲ್ಲಿ ಗಂಟಲು ಒಣಗಿರುತ್ತದೆ.

ದಿನ ಸಿಕ್ಕಿದ ಮೇಲೆ ಗ್ರೌಂಡ್‌ಗೆ ಅನುಮತಿ, ಮೈಕಿಗೆ ಪೊಲೀಸ್ ಠಾಣೆ, ಅದೆಲ್ಲ ಎಲ್ಲಾ ಕಡೆ ಇದ್ದದ್ದೇ. ಸುಣ್ಣ ಹಾಕುವುದನ್ನು ಮಾತ್ರ ಹೇಳಲೇಬೇಕು. ಪೆನಾಲ್ಟಿ ಚುಕ್ಕೆ ಗೋಲಿನಿಂದ 11 ಮೀಟರ್. ನಡುವಿನ ವೃತ್ತಕ್ಕೆ 9.15 ಮೀಟರ್ ಹಗ್ಗ. ಬೆಳಗಿನ ಮಂಜಿನಲ್ಲಿ ಬಗ್ಗಿ ಬಗ್ಗಿ ಗೆರೆ ಎಳೆದು ಸೊಂಟ ನೆಟ್ಟಗೆ ಮಾಡಿದರೆ, ಯಾರದೋ ದನ ಅದರ ಮೇಲೇ ನಡೆದು ಹೋಗುತ್ತದೆ. ಆಮೇಲೆ ಅದೇ ಜನ, "ಏನ್ರೀ, ಲೈನ್ ಸೊಟ್ಟ ಇದೆ!"

ಹೌದು, ಕೊಯ್ಲಾದ ಗದ್ದೆಯಲ್ಲಿ ಮಕ್ಕಳು ಎರಡು ಚಪ್ಪಲಿ ಇಟ್ಟು ಗೋಲು ಮಾಡಿಕೊಂಡು ಆಡುತ್ತಾರೆ. ಅಲ್ಲಿ ಕಮಿಟಿ ಇಲ್ಲ, ಖುಷಿ ಜಾಸ್ತಿ. ಒಪ್ಪಿದೆ. ಆದರೆ ಅಲ್ಲಿ ನಗದು ಬಹುಮಾನವೂ ಇಲ್ವಲ್ಲ! ಬ್ಯಾನರ್‌ನಲ್ಲಿ ಮೊತ್ತ ಬರೆದ ದಿನವೇ ಚಪ್ಪಲಿಯ ಕಾಲ ಮುಗಿಯಿತು. ಜಿಲ್ಲೆಯ ಗಡಿಯಾಚೆಯಿಂದ ಗೆಸ್ಟ್ ಪ್ಲೇಯರ್ ಬರುತ್ತಾನೆ. ಬೆಳಗ್ಗೆ ಒಂದು ಜೆರ್ಸಿ, ಮಧ್ಯಾಹ್ನ ಇನ್ನೊಂದು. ಆಧಾರ್ ಕಾರ್ಡ್ ಪಕ್ಕದಲ್ಲಿಟ್ಟು ಅವನ ಮುಖ ನೋಡುವವರು ಯಾರು? ಏಳು ಜನವೂ ಇಲ್ಲದ ತಂಡ ಬಂದು "ಹೇಗಾದರೂ ಶುರು ಮಾಡಿ ಅಣ್ಣ" ಅಂದಾಗ, ಹನ್ನೊಂದು ಜನರ ಆಟದಲ್ಲಿ ಹಾಗೆ ಶುರು ಮಾಡುವಂತಿಲ್ಲ ಎಂದು ಹೇಳಿ ಬೈಸಿಕೊಳ್ಳುವವರು ಯಾರು? ಮುಖ್ಯ ಅತಿಥಿ ಬರುವ ತನಕ ಬಿಸಿಲಲ್ಲಿ ಸಾಲು ನಿಂತ ಹುಡುಗರಿಗೆ ನೀರು ಕೊಡುವವರು ಯಾರು? ಅತಿಥಿಗಳು ಬಂದು ಒಮ್ಮೆ ಚೆಂಡು ಒದ್ದು ಫೋಟೋ ತೆಗೆಸಿಕೊಂಡು ಹೋದರು. ಅವರಿಗೆ ಕಮಿಟಿ ಬೇಕಿಲ್ಲ, ನಿಜ.

ನಿಜ ಹೇಳ್ತೀನಿ, ನಿನ್ನೆಯ ಒಂದು ಗೋಲನ್ನೂ ನಾನು ನೋಡಲಿಲ್ಲ. ಜನ ಮೊದಲ ಸಲ ಕೂಗಿದಾಗ ಟ್ರೋಫಿಯ ಮೇಲಿನ ಹೆಸರು ಸರಿಯಿದೆಯಾ ಎಂದು ನೋಡುತ್ತಿದ್ದೆ. ಎರಡನೇ ಸಲ ಕೂಗಿದಾಗ ರೆಫರಿಗಳ ಊಟಕ್ಕೆ ಫೋನ್ ಮಾಡುತ್ತಿದ್ದೆ. ವಂದನಾರ್ಪಣೆಯಲ್ಲಿ ಶಾಮಿಯಾನದವರ ಹೆಸರು ಬಂತು. ರೆಫರಿಗಳ ಹೆಸರು ಬರಲಿಲ್ಲ. ಫೌಲ್ ಕೊಟ್ಟಾಗ ಮಾತ್ರ ಅವರ ಮನೆಯವರನ್ನೆಲ್ಲ ನೆನೆಸಿಕೊಂಡರು ನಮ್ಮ ಜನ.

ಅಂದ ಹಾಗೆ, ಮುಂದಿನ ಟೂರ್ನಿಗೆ ಇಬ್ಬರು ಲೈನ್ಸ್‌ಮನ್ ಬೇಕು. ಸುಂಟಿಕೊಪ್ಪ, ಸಿದ್ದಾಪುರ ಕಡೆಯವರಾದರೂ ಸರಿ, ಇನ್‌ಬಾಕ್ಸ್ ಮಾಡಿ. ಆಫ್‌ಸೈಡ್ ಗೊತ್ತಿರಬೇಕು, ಕಿವಿ ಸ್ವಲ್ಪ ಮಂದ ಇದ್ದರೆ ಇನ್ನೂ ಒಳ್ಳೆಯದು.