ಎಸ್‌ಇಸಿ ಸೊರಗಿದ್ದಕ್ಕೆ ಅದರ ಕೋಚ್‌ಗಳೇ ಕಾರಣವೇ?

ಅಮೆರಿಕದ ಕಾಲೇಜು ಫುಟ್‌ಬಾಲ್ ಅಂದರೆ ಹೆಲ್ಮೆಟ್ ತೊಟ್ಟು, ಕಾಲಿಗಿಂತ ಕೈಯಲ್ಲೇ ಜಾಸ್ತಿ ಆಡುವ ಅವರದೇ ಫುಟ್‌ಬಾಲ್. ಅದರಲ್ಲಿ ದಕ್ಷಿಣ ರಾಜ್ಯಗಳ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಕೂಟ ಸೌತ್‌ಈಸ್ಟರ್ನ್ ಕಾನ್ಫರೆನ್ಸ್, ಎಲ್ಲರ ಬಾಯಲ್ಲಿ ಎಸ್‌ಇಸಿ. ಅಲಬಾಮಾ, ಜಾರ್ಜಿಯಾ, ಎಲ್‌ಎಸ್‌ಯು (ಲೂಯಿಸಿಯಾನಾ ಸ್ಟೇಟ್ ಯುನಿವರ್ಸಿಟಿ), ಫ್ಲಾರಿಡಾ ಎಲ್ಲ ಇದರಲ್ಲೇ. ಈಗ ಒಟ್ಟು 16 ತಂಡ. 2006ರಿಂದ 2022ರವರೆಗಿನ 17 ಸೀಸನ್‌ಗಳಲ್ಲಿ 13 ಸಲ ರಾಷ್ಟ್ರೀಯ ಪಟ್ಟ ಇವರ ಪಾಲಾಯಿತು. ಅದರಲ್ಲಿ ಮೊದಲ ಏಳು ಒಂದೇ ಸಮನೆ. ಆಮೇಲಿನ ಮೂರು ಸೀಸನ್‌ಗಳಲ್ಲಿ ಎಸ್‌ಇಸಿಯ ಒಂದು ತಂಡವೂ ಫೈನಲ್ ಮುಖ ನೋಡಿಲ್ಲ. ಗೆದ್ದ ಮಿಷಿಗನ್, ಒಹಾಯೊ ಸ್ಟೇಟ್, ಇಂಡಿಯಾನಾ ಮೂರೂ ಹೆಚ್ಚಾಗಿ ಉತ್ತರದ ವಿಶ್ವವಿದ್ಯಾಲಯಗಳಿರುವ ಬಿಗ್ ಟೆನ್ ಕೂಟದವು.

ಪರ: ಎಡವಿದ್ದು ಕೋಚ್‌ಗಳು, ಅವರನ್ನು ಆರಿಸಿದವರು

2026ರ ಜನವರಿ 1, ರೋಸ್ ಬೌಲ್, ಅಂದರೆ 2025ರ ಸೀಸನ್‌ನ ಒಂದು ಕ್ವಾರ್ಟರ್‌ಫೈನಲ್. ಇಂಡಿಯಾನಾ 38, ಅಲಬಾಮಾ 3. ಅಂಕಿ ಅದಲುಬದಲು ಬರೆದಿಲ್ಲ, ಹಾಗೇ ಆದದ್ದು. ಇದೇ ಇಂಡಿಯಾನಾ 2023ರಲ್ಲಿ 12 ಪಂದ್ಯ ಆಡಿ 9 ಸೋತಿತ್ತು. ದೊಡ್ಡ ದರ್ಜೆಯ ಕಾಲೇಜು ಫುಟ್‌ಬಾಲಿನಲ್ಲಿ ಅತಿ ಹೆಚ್ಚು ಸೋಲು ಕಂಡ ತಂಡ ಎಂಬ ಕೆಟ್ಟ ಹೆಸರೂ ಆಗ ಅದರದ್ದೇ. ನಡುವೆ ಬದಲಾದದ್ದು ಕೋಚ್.

ಆ ಕೋಚ್ ಕರ್ಟ್ ಸಿಗ್ನೆಟ್ಟಿ ಎಲ್ಲಿಂದಲೋ ಉದುರಿದವರಲ್ಲ. 2007ರಿಂದ 2010ರವರೆಗೆ ಅಲಬಾಮಾದಲ್ಲೇ, ಅಲ್ಲಿನ ಮುಖ್ಯ ಕೋಚ್ ನಿಕ್ ಸೇಬನ್ ಕೈಕೆಳಗೆ ಇದ್ದವರು. ರಿಸೀವರ್‌ಗಳನ್ನು, ಅಂದರೆ ಎಸೆದ ಚೆಂಡು ಹಿಡಿಯುವವರನ್ನು, ತಯಾರು ಮಾಡುತ್ತಿದ್ದರು, ಹೊಸ ಹುಡುಗರನ್ನು ಸೆಳೆದು ತರುವ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ಆಮೇಲೆ ಅಷ್ಟು ದೊಡ್ಡ ಜಾಗ ಬಿಟ್ಟು ಪೆನ್ಸಿಲ್ವೇನಿಯಾದ ಒಂದು ಎರಡನೇ ದರ್ಜೆಯ ತಂಡಕ್ಕೆ ಮುಖ್ಯ ಕೋಚ್ ಆಗಿ ಹೋದರು. ಅಲ್ಲಿಂದ ಈಲಾನ್, ಅಲ್ಲಿಂದ ಜೇಮ್ಸ್ ಮ್ಯಾಡಿಸನ್. 13 ಸೀಸನ್. ಒಂದರಲ್ಲೂ ಗೆಲುವಿಗಿಂತ ಸೋಲು ಜಾಸ್ತಿ ಆಗಲಿಲ್ಲ. ಇಂಡಿಯಾನಾಗೆ ಬಂದ ಹೊಸತರಲ್ಲಿ, ಹುಡುಗರನ್ನು ಹೇಗೆ ಒಪ್ಪಿಸ್ತೀರಿ ಎಂದು ಕೇಳಿದ್ದಕ್ಕೆ ‘ನಾನು ಗೆಲ್ತೀನಿ, ಗೂಗಲ್ ಮಾಡಿ ನೋಡಿ’ ಎಂದಿದ್ದರು. ಆ 13 ವರ್ಷಗಳಲ್ಲಿ ಎಸ್‌ಇಸಿಯಲ್ಲಿ ಕೋಚ್ ಕುರ್ಚಿಗಳು ಎಷ್ಟು ಸಲ ಖಾಲಿಯಾದವು! ಯಾರೂ ಗೂಗಲ್ ಮಾಡಲಿಲ್ಲ.

ಅವರು ಮಾಡಿದ್ದು ಬೇರೆ. ಹೆಸರು ನೋಡಿ ಚೆಕ್ ಬರೆದರು. ಎಸ್‌ಇಸಿಯ ಟೆಕ್ಸಸ್ ಎ ಆ್ಯಂಡ್ ಎಂ 2017ರಲ್ಲಿ ಜಿಂಬೊ ಫಿಶರ್ ಅವರಿಗೆ 10 ವರ್ಷಕ್ಕೆ 7.5 ಕೋಟಿ ಡಾಲರ್ ಮಾತು ಕೊಟ್ಟಿತು, ಆಮೇಲೆ ಅದನ್ನೂ ಹೆಚ್ಚಿಸಿತು. 2023ರ ನವೆಂಬರ್‌ನಲ್ಲಿ ಮನೆಗೆ ಕಳಿಸುವಾಗ ಉಳಿದ ಬಾಕಿಯೇ 7.5 ಕೋಟಿ ಡಾಲರ್ ಮೀರಿತ್ತು. ಕೆಲಸ ಮಾಡದೇ ಇರಲು ಅಷ್ಟು ಹಣ. ಎಲ್‌ಎಸ್‌ಯು ಅದನ್ನು ನೋಡಿ ಪಾಠ ಕಲಿಯಬಹುದಿತ್ತು, ಅಲ್ವಾ? ಅದು 2021ರಲ್ಲಿ ಬ್ರಯನ್ ಕೆಲ್ಲಿ ಅವರನ್ನು 10 ವರ್ಷಕ್ಕೆ ಕರೆತಂದಿತು. 2025ರ ಅಕ್ಟೋಬರ್‌ನಲ್ಲಿ ಸ್ವಂತ ಅಂಗಳದಲ್ಲೇ ಎ ಆ್ಯಂಡ್ ಎಂ ಎದುರು 49-25ರಿಂದ ಸೋತ ಮರುದಿನವೇ ಅವರಿಗೆ ಗೇಟ್‌ಪಾಸ್. ಒಪ್ಪಂದದ ಬಾಕಿ ಸುಮಾರು 5.4 ಕೋಟಿ ಡಾಲರ್. ಇನ್ನೊಂದು ಮಜಾ ಏನೆಂದರೆ, ಫಿಶರ್ ಅವರನ್ನು ಅಲ್ಲಿಗೂ ಕೆಲ್ಲಿ ಅವರನ್ನು ಇಲ್ಲಿಗೂ ತಂದವರು ಒಬ್ಬರೇ, ಎರಡೂ ಕಡೆ ಕ್ರೀಡಾ ನಿರ್ದೇಶಕರಾಗಿದ್ದ ಸ್ಕಾಟ್ ವುಡ್‌ವರ್ಡ್. ಕೊನೆಗೆ ಲೂಯಿಸಿಯಾನಾ ರಾಜ್ಯದ ಗವರ್ನರ್ ಜೆಫ್ ಲ್ಯಾಂಡ್ರಿ ಅವರೇ ನಡುವೆ ಬಾಯಿ ಹಾಕಿ, ಮುಂದಿನ ಕೋಚ್ ಆಯ್ಕೆ ವುಡ್‌ವರ್ಡ್ ಕೈಯಲ್ಲಿ ಇರುವುದಿಲ್ಲ ಎಂದರು. ಕೆಲವೇ ದಿನಗಳಲ್ಲಿ ವುಡ್‌ವರ್ಡ್ ಕೂಡ ಹೊರಗೆ.

ಆಮೇಲೆ ಎಲ್‌ಎಸ್‌ಯು ಏನು ಮಾಡಿತು? 11 ಗೆದ್ದು ಒಂದೇ ಸೋತು ಪ್ಲೇಆಫ್ ಹೊಸ್ತಿಲಲ್ಲಿದ್ದ, ಎಸ್‌ಇಸಿಯದೇ ಆದ ಓಲ್ ಮಿಸ್ (ಮಿಸಿಸಿಪ್ಪಿ ವಿಶ್ವವಿದ್ಯಾಲಯ) ತಂಡದಿಂದ ಲೇನ್ ಕಿಫಿನ್ ಅವರನ್ನು ವರ್ಷಕ್ಕೆ ಸುಮಾರು 1.3 ಕೋಟಿ ಡಾಲರ್ ಆಸೆ ತೋರಿಸಿ ಎಬ್ಬಿಸಿಕೊಂಡು ಬಂತು. ಅಣ್ಣ ಕಟ್ಟಿದ ಮನೆಯನ್ನು ತಮ್ಮನೇ ಬಿಚ್ಚಿದ ಹಾಗೆ. ಅದೇ ಸೀಸನ್‌ನಲ್ಲಿ ಅರ್ಕಾನ್ಸಸ್, ಫ್ಲಾರಿಡಾ, ಆಬರ್ನ್, ಕೆಂಟಕಿ ಕೂಡ ಕೋಚ್‌ಗಳನ್ನು ಕಿತ್ತುಹಾಕಿದವು. ಮುಖ್ಯ ಕೋಚ್ ಹೋದರೆ ಅವರ ಸಹಾಯಕರೂ ಗಂಟುಮೂಟೆ ಕಟ್ಟಬೇಕಾಗುತ್ತದೆ, ಆಟದ ಪದ್ಧತಿ ಹೊಸದಾಗುತ್ತದೆ. ಹುಡುಗ ಮೂರು ವರ್ಷದಲ್ಲಿ ಮೂರು ಪಾಠ ಕಲಿತು ಒಂದನ್ನೂ ಪೂರ್ತಿ ಮಾಡುವುದಿಲ್ಲ.

ಪ್ರತಿಭೆ ಕಡಿಮೆಯಾಯಿತೇ ಎಂದರೆ ಅದೂ ಇಲ್ಲ. 2025ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ಲೀಗಿನ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವಲ್ಲಿ, ಎಸ್‌ಇಸಿಯಿಂದ 79 ಆಟಗಾರರು ಆಯ್ಕೆಯಾದರು, ಅದೇ ಒಂದು ದಾಖಲೆ. ಇತ್ತ ಇಂಡಿಯಾನಾದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವವ) ಫರ್ನಾಂಡೊ ಮೆಂಡೋಜಾ ಹೈಸ್ಕೂಲಿನಲ್ಲಿದ್ದಾಗ ದೊಡ್ಡ ತಂಡಗಳು ತಿರುಗಿಯೂ ನೋಡಿರಲಿಲ್ಲ, ಹುಡುಗ ಯೇಲ್‌ಗೆ ಹೋಗುವ ಮಾತಾಗಿತ್ತು. 79 ಜನ ಇದ್ದೂ ಫೈನಲ್ ತಲುಪದ ಕೂಟ ಒಂದು ಕಡೆ, ಯಾರಿಗೂ ಬೇಡವಾದ ಹುಡುಗನಿಂದ 16ಕ್ಕೆ 16 ಗೆದ್ದ ತಂಡ ಇನ್ನೊಂದು ಕಡೆ. ಕೋಚಿಂಗ್ ಅಲ್ಲದೆ ಇದನ್ನು ಇನ್ನೇನೆಂದು ಕರೆಯುವುದು?

ವಿರೋಧ: ಕೋಚ್ ಅಲ್ಲ, ಬೆಂಚು ಖಾಲಿಯಾಯಿತು

79ರ ಲೆಕ್ಕ ಸರಿಯೇ. ಆದರೆ ಅದು ಕಣದಲ್ಲಿ ಆಡಿದವರ ಲೆಕ್ಕ. ಎಸ್‌ಇಸಿಯ ಗುಟ್ಟು ಇದ್ದದ್ದು ಕೂತವರಲ್ಲಿ.

2018ರ ಜನವರಿಯ ಫೈನಲ್ ನೆನಪಿಸಿಕೊಳ್ಳಿ. ಜಾರ್ಜಿಯಾ ಎದುರು ಮೊದಲರ್ಧದಲ್ಲಿ ಅಲಬಾಮಾ ಒಂದು ಅಂಕವನ್ನೂ ಗಳಿಸಲಿಲ್ಲ. ಸೇಬನ್ ತಮ್ಮ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್‌ನನ್ನು ಕೂರಿಸಿ, ಮೊದಲ ವರ್ಷದ ಹುಡುಗ ಟುವಾ ಟಾಗೊವೈಲೋವಾನನ್ನು ಇಳಿಸಿದರು. 26-23, ಹೆಚ್ಚುವರಿ ಅವಧಿಯಲ್ಲಿ ಗೆಲುವು. ಇದಕ್ಕಿಂತ ದೊಡ್ಡದು ಆಮೇಲೆ ನಡೆದದ್ದು. ಜಾಗ ಕಳಕೊಂಡ ಹರ್ಟ್ಸ್ ಇಡೀ 2018ರ ಸೀಸನ್ ಅಲಬಾಮಾದಲ್ಲೇ ಉಳಿದ. ಡಿಸೆಂಬರ್‌ನ ಎಸ್‌ಇಸಿ ಫೈನಲ್‌ನಲ್ಲಿ ಟುವಾ ಗಾಯಗೊಂಡಾಗ ಬೆಂಚಿನಿಂದ ಎದ್ದು ಬಂದು, ಅದೇ ಜಾರ್ಜಿಯಾ ಎದುರು ಸೋಲುತ್ತಿದ್ದ ಪಂದ್ಯ ಗೆದ್ದುಕೊಟ್ಟ. ಎನ್‌ಎಫ್‌ಎಲ್‌ನಲ್ಲಿ ಮುಂದೆ ಒಂದೊಂದು ತಂಡ ನಡೆಸಿದ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು ಒಂದೇ ಕಾಲೇಜಿನಲ್ಲಿ, ಅದರಲ್ಲಿ ಒಬ್ಬ ಸುಮ್ನೆ ಕಾಯುತ್ತಾ! ಇವತ್ತು ಇದು ಕನಸಿನ ಮಾತು. ಈಗಿನ ನಿಯಮದಲ್ಲಿ ಅಂಥ ಹುಡುಗ ಅದೇ ಜನವರಿಯಲ್ಲಿ ಪೆಟ್ಟಿಗೆ ಕಟ್ಟಿರುತ್ತಿದ್ದ.

ಮೊದಲು ಕಾಲೇಜು ಬದಲಿಸಿದರೆ ಸಾಮಾನ್ಯವಾಗಿ ಒಂದು ವರ್ಷ ಆಡುವ ಹಾಗಿರಲಿಲ್ಲ. 2018ರಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು, ಕಾಲೇಜು ಬದಲಿಸಬೇಕೆನ್ನುವವರು ಹೆಸರು ಹಾಕುವ ಆನ್‌ಲೈನ್ ಪಟ್ಟಿ. 2021ರ ಏಪ್ರಿಲ್‌ನಲ್ಲಿ ಮೊದಲ ಸಲ ಬದಲಿಸುವವರಿಗೆ ಆ ಕಾಯುವ ಶಿಕ್ಷೆ ಹೋಯಿತು. ಅದೇ ಜುಲೈನಿಂದ ಆಟಗಾರರು ತಮ್ಮ ಹೆಸರಿನ ಮೇಲೆ ರಾಜಾರೋಷವಾಗಿ ಹಣ ಮಾಡಬಹುದಾಯಿತು. 2025ರಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಕೊಡುತ್ತಿವೆ, ಮೊದಲ ವರ್ಷದ ಮಿತಿ ಒಂದು ವಿಶ್ವವಿದ್ಯಾಲಯಕ್ಕೆ 2.05 ಕೋಟಿ ಡಾಲರ್. ಎಸ್‌ಇಸಿಗೂ ಅದೇ ಮಿತಿ, ಬಿಗ್ ಟೆನ್‌ಗೂ ಅದೇ. ದಾನಿಗಳ ಹಣ ಬೇರೆ. ಲಕ್ಷಾಂತರ ಹಳೆ ವಿದ್ಯಾರ್ಥಿಗಳಿರುವ ಉತ್ತರದ ವಿಶ್ವವಿದ್ಯಾಲಯಗಳು ಅದರಲ್ಲಿ ಯಾರಿಗೂ ಕಡಿಮೆಯಿಲ್ಲ.

ಫಲ ಏನಾಯಿತು? 2024ರ ಜನವರಿಯಲ್ಲಿ ಸೇಬನ್ ನಿವೃತ್ತರಾದ ಬೆನ್ನಿಗೇ ಅಲಬಾಮಾದ ಸೇಫ್ಟಿ (ರಕ್ಷಣೆಯ ಕೊನೆಯ ಸಾಲಿನ ಆಟಗಾರ) ಕೇಲೆಬ್ ಡೌನ್ಸ್ ಒಹಾಯೊ ಸ್ಟೇಟ್‌ಗೆ ಹೋದ. ಓಲ್ ಮಿಸ್‌ನ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವ) ಕ್ವಿನ್‌ಶಾನ್ ಜಡ್ಕಿನ್ಸ್ ಕೂಡ ಅಲ್ಲಿಗೇ. ಆ ಸೀಸನ್ ಪಟ್ಟ ಒಹಾಯೊ ಸ್ಟೇಟ್‌ಗೆ. ಜಾರ್ಜಿಯಾದ ಕ್ವಾರ್ಟರ್‌ಬ್ಯಾಕ್ ಕಾರ್ಸನ್ ಬೆಕ್ ಮಯಾಮಿಗೆ ಹೋಗಿ 2026ರ ಜನವರಿಯ ಫೈನಲ್ ಆಡಿದ. ಇನ್ನು ಸಿಗ್ನೆಟ್ಟಿ. ದೊಡ್ಡ ಕೋಚ್, ಎರಡು ಮಾತಿಲ್ಲ. ಆದರೆ ಇಂಡಿಯಾನಾಗೆ ಬರುವಾಗ ಜೇಮ್ಸ್ ಮ್ಯಾಡಿಸನ್‌ನಿಂದ ಹತ್ತಕ್ಕೂ ಹೆಚ್ಚು ಹುಡುಗರನ್ನು ಜೊತೆಗೇ ಕರೆತಂದರು. ಮೆಂಡೋಜಾ ಬಂದದ್ದೂ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ. ಹಳೆ ನಿಯಮ ಇದ್ದಿದ್ದರೆ ಇವರಲ್ಲಿ ಹೆಚ್ಚಿನವರು ಮೊದಲ ವರ್ಷ ನೀರು ಕೊಡುತ್ತಾ ಗೆರೆಯಾಚೆ ನಿಂತಿರುತ್ತಿದ್ದರು.

ಕೋಚಿಂಗ್ ಕೆಟ್ಟಿತು ಎನ್ನುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಈ ಮೂರು ಬರಗಾಲದ ಸೀಸನ್‌ಗಳಲ್ಲಿ ಮೊದಲನೆಯದರಲ್ಲಿ ಅಲಬಾಮಾದ ಕೋಚ್ ಸ್ವತಃ ಸೇಬನ್. ಏಳು ರಾಷ್ಟ್ರೀಯ ಪಟ್ಟ ಗೆದ್ದವರು. ಅವರೂ ಸೆಮಿಫೈನಲ್‌ನಲ್ಲಿ ಮಿಷಿಗನ್‌ಗೆ 27-20ರಿಂದ ಸೋತರು. ನಿವೃತ್ತಿಯ ನಂತರ ವಾಷಿಂಗ್ಟನ್‌ನ ಒಂದು ಸಭೆಯಲ್ಲಿ, ತಾನು ಇಷ್ಟು ವರ್ಷ ನಂಬಿಕೊಂಡು ಬಂದ ಯಾವುದೂ ಈಗ ಕಾಲೇಜು ಕ್ರೀಡೆಯಲ್ಲಿ ಉಳಿದಿಲ್ಲ ಎಂದರು. ಅದರಲ್ಲಿ ಕಹಿ ಇದೆ, ಒಪ್ಪುತ್ತೇನೆ. ಆಟಗಾರರಿಗೆ ಹಣ ಸಿಗುವುದು ನನ್ನ ಮಟ್ಟಿಗೆ ನ್ಯಾಯವೇ. ಆದರೂ ಆಟದ ನೆಲವೇ ಬದಲಾಯಿತು ಎನ್ನುವುದಕ್ಕೆ ಅವರಿಗಿಂತ ಒಳ್ಳೆಯ ಸಾಕ್ಷಿ ಬೇಡ.

2025ರ ಸೀಸನ್‌ನ ಸೆಮಿಫೈನಲ್ ತಲುಪಿದ ನಾಲ್ಕು ಕೋಚ್‌ಗಳನ್ನೇ ನೋಡಿ. ಇಂಡಿಯಾನಾದ ಸಿಗ್ನೆಟ್ಟಿ, ಮಯಾಮಿಯ ಮಾರಿಯೊ ಕ್ರಿಸ್ಟೊಬಾಲ್, ಆರೆಗನ್‌ನ ಡ್ಯಾನ್ ಲ್ಯಾನಿಂಗ್, ಓಲ್ ಮಿಸ್‌ನ ಪೀಟ್ ಗೋಲ್ಡಿಂಗ್. ನಾಲ್ವರೂ ಅಲಬಾಮಾದಲ್ಲಿ ಸೇಬನ್ ಕೈಕೆಳಗೆ ದುಡಿದವರು. ಎಸ್‌ಇಸಿಯ ಕೋಚಿಂಗ್ ಸೋತಿಲ್ಲ, ಊರೆಲ್ಲ ಹಬ್ಬಿದೆ. ಕಿಫಿನ್ ಬಿಟ್ಟುಹೋದ ಮೇಲೂ ಗೋಲ್ಡಿಂಗ್ ತಂಡ ಜಾರ್ಜಿಯಾವನ್ನು 39-34ರಿಂದ ಕೆಡವಿತು. ಅಲ್ಲಿಗೆ ಆ ‘ಬಿಚ್ಚಿದ ಮನೆ’ಯ ಕಥೆಯೂ ಸ್ವಲ್ಪ ಅಲುಗುತ್ತದೆ.

ಕೂಟದೊಳಗೂ ಇದೇ ಗಾಳಿ. 2024ರ ಅಕ್ಟೋಬರ್ 5ರಂದು ನ್ಯಾಶ್‌ವಿಲ್‌ನಲ್ಲಿ ವ್ಯಾಂಡರ್‌ಬಿಲ್ಟ್ ತಂಡ ದೇಶದ ನಂಬರ್ ಒನ್ ಅಲಬಾಮಾವನ್ನು 40-35ರಿಂದ ಸೋಲಿಸಿತು, 1984ರ ನಂತರ ಮೊದಲ ಸಲ. ಜನ ಅಂಗಳಕ್ಕೆ ನುಗ್ಗಿ ಗೋಲ್ ಕಂಬ ಕಿತ್ತರು. ಹೆಗಲ ಮೇಲೆ ಹೊತ್ತು ಪೇಟೆಯ ಬ್ರಾಡ್‌ವೇ ಬೀದಿಯಲ್ಲಿ ಮೆರವಣಿಗೆ ಮಾಡಿ ಕಂಬರ್ಲೆಂಡ್ ನದಿಗೆ ಹಾಕಿದರು. ಆ ತಂಡದ ಕ್ವಾರ್ಟರ್‌ಬ್ಯಾಕ್ ಡಿಯೆಗೊ ಪಾವಿಯಾ ಬಂದದ್ದು ನ್ಯೂ ಮೆಕ್ಸಿಕೊ ಸ್ಟೇಟ್‌ನಿಂದ. ತುದಿಯಲ್ಲಿದ್ದವರು ಇಳಿದರು, ತಳದಲ್ಲಿದ್ದವರು ಏರಿದರು. ಇವರೊಳಗೇ ಕಾದಾಡಿ ಸುಸ್ತಾಗುತ್ತಾರೆ ಎಂಬ ಸಬೂಬನ್ನು ಮಾತ್ರ ನಾನು ಎತ್ತುವುದಿಲ್ಲ. ಬಿಗ್ ಟೆನ್ 2016ರಿಂದಲೇ ಕೂಟದೊಳಗೆ ಒಂಬತ್ತು ಪಂದ್ಯ ಆಡುತ್ತಿದೆ, ಎಸ್‌ಇಸಿ ಎಂಟೇ ಆಡಿಕೊಂಡು ಬಂದಿತ್ತು.

ಕೋಚ್‌ಗಳನ್ನು ಕಿತ್ತುಹಾಕುವ ಚಟ ದಕ್ಷಿಣದ್ದೊಂದೇ ಅಲ್ಲ. ಬಿಗ್ ಟೆನ್‌ನ ಪೆನ್ ಸ್ಟೇಟ್ ಕೂಡ 2025ರ ಅಕ್ಟೋಬರ್‌ನಲ್ಲೇ ಜೇಮ್ಸ್ ಫ್ರಾಂಕ್ಲಿನ್ ಅವರನ್ನು ಸೀಸನ್ ನಡುವೆ ಕಳಿಸಿತು. ಆದರೂ ಆ ಕೂಟಕ್ಕೆ ಪಟ್ಟ ತಪ್ಪಲಿಲ್ಲ.

1974ರಲ್ಲಿ ಕರ್ನಾಟಕ ಬೆಂಗಳೂರಿನಲ್ಲಿ ಬಾಂಬೆಯ ಸತತ 15 ರಣಜಿ ಪಟ್ಟಗಳ ಓಟ ನಿಲ್ಲಿಸಿದಾಗ ಬಾಂಬೆ ಕಥೆ ಮುಗಿಯಿತು ಎಂದವರಿದ್ದಿರಬಹುದು. ಮುಂದಿನ ಮೂರು ವರ್ಷ ಮತ್ತೆ ಬಾಂಬೆಯೇ ಗೆದ್ದಿತು, ಅದರ ಹುಡುಗರು ಅಲ್ಲೇ ಉಳಿದಿದ್ದರು. ಎಸ್‌ಇಸಿಗೆ ಆ ಅನುಕೂಲ ಹೋಯಿತು. ನಾಳೆ ಒಂದೋ ಎರಡೋ ಪಟ್ಟ ಬರಬಹುದು, ಕರ್ಬಿ ಸ್ಮಾರ್ಟ್ ಅವರ ಜಾರ್ಜಿಯಾವೇ ತರಬಹುದು. 17ರಲ್ಲಿ 13 ಮಾತ್ರ ಇನ್ನು ಬರಲಿಕ್ಕಿಲ್ಲ, ಸೇಬನ್ ಮನಸ್ಸು ಬದಲಿಸಿ ವಾಪಸ್ ಬಂದರೂ.