ಅತ್ತೆಗೂ ಅರ್ಥ ಬೇಕಂತೆ

ಹಿಂದೆ ಉಡುಪಿಯ ಶಾಲೆಯಲ್ಲಿ ಒಬ್ಬರು ಡ್ರಿಲ್ ಮಾಸ್ಟರಿದ್ದರು. ಹಗಲು ಮಕ್ಕಳಿಗೆ ಕಸರತ್ತು ಹೇಳಿಕೊಡುವುದು, ಮನೆಗೆ ಬಂದು ಹಳಗನ್ನಡದಲ್ಲಿ ಕಾವ್ಯ ಬರೆಯುವುದು. ಹೆಸರು ನಂದಳಿಕೆ ಲಕ್ಷ್ಮೀನಾರಾಯಣಪ್ಪ. ಬರೆದದ್ದನ್ನು ಮೈಸೂರಿನ ಪತ್ರಿಕೆಗೆ ಕಳಿಸುವಾಗ ಮಾತ್ರ 'ಇದು ನನ್ನದು' ಅನ್ನಲೇ ಇಲ್ಲ. ಯಾರೋ ಹಳೇ ಕವಿಯದ್ದು ಎಂಬಂತೆ ದಾಟಿಸಿಬಿಟ್ಟರು. 1901ರಲ್ಲಿ, 31 ವರ್ಷಕ್ಕೇ ತೀರಿಕೊಂಡರು. ಈಗ ನಾವೆಲ್ಲ ಮುದ್ದಣ ಅನ್ನುವುದು ಇವರನ್ನೇ.

ಹೆಸರು ಮುಚ್ಚಿಟ್ಟದ್ದು ವಿನಯದಿಂದ ಅಂತ ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ಮದುವೆಯಾದ ಮೇಲೆ ನನಗೆ ಬೇರೆಯೇ ಅನುಮಾನ ಬಂತು. ಅವರ ಕಾವ್ಯದಲ್ಲಿ ಮುದ್ದಣನ ಹೆಂಡತಿ ಮನೋರಮೆ ಇದ್ದಾಳಲ್ಲ, ಮಳೆಗಾಲದಲ್ಲಿ ಕತೆ ಹೇಳು ಅಂತ ಕೂರಿಸಿ, ಹೇಳಲು ಹೊರಟರೆ ಹೆಜ್ಜೆಗೊಂದು ಕೊಕ್ಕೆ ಹಾಕುವವಳು. ಮನೆಯವರ ಬಾಯಿಯನ್ನು ಅಷ್ಟು ಚೆನ್ನಾಗಿ ಬಲ್ಲ ಮನುಷ್ಯ ಹೆಸರು ಬಚ್ಚಿಟ್ಟದ್ದರಲ್ಲಿ ಆಶ್ಚರ್ಯ ಎಂತ ಉಂಟು?

ನಮ್ಮಲ್ಲಿ ಪಾತ್ರ ಅದಲುಬದಲು. ಮುದ್ದಣ ನಾನು, ಮನೋರಮೆ ನಮ್ಮನೆಯವರು. ಆ ಮನೋರಮೆ ಗಂಡನಿಗೆ ಉಪಚಾರವನ್ನಾದರೂ ಮಾಡಿದ್ದಳು. ಇವರು ಗೋಳಿಬಜೆ ಇರುವಷ್ಟು ಹೊತ್ತು ಕತೆ ಕೇಳುತ್ತಾರೆ. ಚಟ್ನಿ ಖಾಲಿಯಾದರೆ ಕತೆಗೂ ಅಲ್ಲಿಗೇ ಮಂಗಳ.

ನಾಯಕಿ ಕಿಟಕಿಯ ಹತ್ತಿರ ನಿಂತು ಮಳೆ ನೋಡುತ್ತಿದ್ದಳು ಅಂತ ಒಮ್ಮೆ ಓದಿದೆ.

"ಬಟ್ಟೆ ಒಳಗೆ ತಂದಳಾ?" ಅಂದರು.

"ಜುಲೈಯಲ್ಲಿ ಹೊರಗೆ ಬಟ್ಟೆ ಹಾಕುವವರು ಯಾರು ಮಾರಾಯ್ರೆ?"

"ಹಾಗಾದ್ರೆ ಒಳಗೇ ಹಗ್ಗ ಕಟ್ಟಿ ಒಣಗಿಸಿದ್ದಾಳೆ. ಎದುರು ನಾಲ್ಕು ಲುಂಗಿ ನೇತಾಡುವಾಗ ಅವಳಿಗೆ ಕಿಟಕಿ ಹೇಗೆ ಕಾಣ್ತದೆ?"

ಉತ್ತರ ಇಲ್ಲ. ನಾಯಕಿಯನ್ನು ಅಡುಗೆಮನೆಗೆ ಕಳಿಸಿದೆ.

ಹೊರಗೆ ಇದಕ್ಕಿಂತ ಮರ್ಯಾದೆ ಸಿಗಬಹುದು ಅಂದುಕೊಂಡರೆ ಅದೂ ಇಲ್ಲ. ಊರಿನ ಸಂಘವೊಂದರ ವಾರ್ಷಿಕೋತ್ಸವಕ್ಕೆ ಕವಿತೆ ಓದಲು ಕರೆದರು. ನನ್ನ ನಂತರ ತುಳು ಹಾಸ್ಯ ನಾಟಕ. ಜನ ಸಂಜೆಯೇ ಬಂದು, ಕುರ್ಚಿ ಮೇಲೆ ಕರವಸ್ತ್ರ ಹಾಕಿ ಜಾಗ ಹಿಡಿದಿದ್ದರು, ನಾಟಕಕ್ಕೆ. ನನ್ನದು ನವ್ಯ ಕವಿತೆ, ಸಾಲು ಸಾಲಿಗೂ ನಿಲ್ಲಬೇಕು. ನಿಂತಲ್ಲೆಲ್ಲ ಮುಗಿಯಿತು ಅಂತ ಜೋರು ಚಪ್ಪಾಳೆ. ನಾನು ಮತ್ತೆ ಬಾಯಿ ತೆರೆದರೆ 'ಅಯ್ಯೋ ದೇವರೇ' ಅಂತ ಮುಂದಿನ ಸಾಲಿನಿಂದ ಒಂದು ಉಸಿರು. ಗೋಪಾಲಕೃಷ್ಣ ಅಡಿಗರು ಕಾಲೇಜು ಪ್ರಿನ್ಸಿಪಾಲರಾಗಿದ್ದ ಊರು ಇದು, ಸ್ವಾಮಿ! ಆದರೆ ಸಂಘದವರಿಗೆ ಖುಷಿಯೋ ಖುಷಿ. ಇಷ್ಟು ಚಪ್ಪಾಳೆ ಬಿದ್ದ ಕವಿತೆ ಇದೇ ಮೊದಲಂತೆ. ಬರುವ ವರ್ಷವೂ ಬನ್ನಿ ಅಂದರು.

2022ರಲ್ಲಿ 'ಕಾಂತಾರ' ಬಂತು. ಅಲ್ಲಿಂದ ಎಲ್ಲರದ್ದೂ ಒಂದೇ ಸಲಹೆ, ಕತೆಯಲ್ಲಿ ಒಂದು ದೈವ ಇರಲಿ. ಬೆಂಗಳೂರಿನ ನೆಂಟರು ಆಷಾಢದ ನಡುವೆ ಬಂದಿಳಿದು "ಇವತ್ತು ಎಲ್ಲಿ ಕೋಲ?" ಅಂತ ಕೇಳಿದರು, ಸಿನಿಮಾದ ಶೋ ಕೇಳಿದ ಹಾಗೆ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದರೆ ಕೋಲ ಇಲ್ಲ, ಯಕ್ಷಗಾನ ಮೇಳದ ಆಟವೂ ಇಲ್ಲ ಅಂದರೆ ಅವರಿಗೆ ನಾನೇ ಅಡಗಿಸಿಟ್ಟಿದ್ದೇನೆ ಎಂಬ ಸಂಶಯ. ನಮ್ಮನೆಯವರೂ "ಒಂದು ಪಂಜುರ್ಲಿ ತಾ, ನಿನ್ನ ಕತೆಯೂ ಪಿಚ್ಚರ್ ಆಗ್ತದೆ" ಅಂತ ಶುರು ಮಾಡಿದರು. ಒಳಗಿನಿಂದ ಅತ್ತೆಯ ದನಿ ಬಂತು. "ದೈವದ ವಿಷಯದಲ್ಲಿ ಕುಚೋದ್ಯ ಬೇಡ." ಇವರ ಬಾಯಿಗೆ ತಕ್ಷಣ ಬೀಗ.

ತಮಾಷೆ ಏನೆಂದರೆ, ಇದೇ ಅತ್ತೆ ಮಳೆಗಾಲದ ತಾಳಮದ್ದಳೆಯಲ್ಲಿ ವಾಲಿ ರಾಮನನ್ನು ಹಿಗ್ಗಾಮುಗ್ಗಾ ಜಾಡಿಸುವಾಗ ಮೊಣಕಾಲು ತಟ್ಟಿ ನಗುತ್ತಾರೆ. ಮರದ ಹಿಂದೆ ನಿಂತು ಬಾಣ ಬಿಟ್ಟದ್ದು ಯಾವ ಸೀಮೆ ಧರ್ಮ ಅಂತ ಕೇಳಿದರೆ ರಾಮನೂ ಉತ್ತರ ಹುಡುಕಬೇಕು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅದಕ್ಕೆ ಅರ್ಥ ಹೇಳುವವರು ಅಲ್ಲೇ ಆಗಲೇ ಮಾತು ಕಟ್ಟಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಅತ್ತೆ. ಅವರ ಲೆಕ್ಕದಲ್ಲಿ ರಾಮನನ್ನು ಬೈಯುವುದು ಸಾಹಿತ್ಯ, ಪಂಜುರ್ಲಿಯ ಹೆಸರು ಸುಮ್ನೆ ಎತ್ತುವುದು ಅಧಿಕಪ್ರಸಂಗ. ನನಗೂ ಹಾಗೇ ಅನ್ನಿಸುತ್ತದೆ. ಕಾರಣ ಕೇಳಬೇಡಿ, ನಾನೂ ಇಲ್ಲಿಯವಳೇ.

ಕಡೆಗೆ ಮುದ್ದಣನ ದಾರಿಯನ್ನೇ ಹಿಡಿದೆ. ಹೊಸ ಕತೆಯೊಂದನ್ನು ಹೆಸರು ಹಾಕದೆ ಪ್ರಿಂಟ್ ತೆಗೆಸಿ, ಹಳೇ ದೀಪಾವಳಿ ವಿಶೇಷಾಂಕದ್ದು, ಬರೆದವರು ಈಗಿಲ್ಲ ಅಂತ ಹೇಳಿ ಓದಿದೆ. ಗೋಳಿಬಜೆ ಮುಗಿದರೂ ಇವರು ಏಳಲಿಲ್ಲ! "ಹಳಬರ ಗತ್ತೇ ಬೇರೆ ಮಾರಾಯ್ತಿ. ನೀನೂ ಸ್ವಲ್ಪ ಇಂಥವರನ್ನು ಓದು" ಅಂದರು. ನನಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಉರಿಯಿತು.

ಕತೆಯಲ್ಲಿ ಒಬ್ಬ ಅತ್ತೆ ಬರುತ್ತಾಳೆ. ಡಾಕ್ಟರು ಸಿಹಿ ಬಿಡಿ ಅಂದಿದ್ದಾರೆ. ಅವಳು ಬೆಲ್ಲದ ತುಂಡುಗಳನ್ನು ಕಾಗದದಲ್ಲಿ ಸುತ್ತಿ ಕುಚ್ಚಲಕ್ಕಿ ಡಬ್ಬದ ತಳದಲ್ಲಿ ಇಟ್ಟಿರುತ್ತಾಳೆ. ಅಲ್ಲಿಗೆ ಬರುವಾಗ ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿದರು.

"ತೀರಿಹೋದ ಕತೆಗಾರನಿಗೆ ನನ್ನ ಅಕ್ಕಿ ಡಬ್ಬದೊಳಗೆ ಎಂತ ಕೆಲಸ?"

ಇವರು ನೇರ ಅಡುಗೆಮನೆಗೆ ನಡೆದರು. ಮೊಣಕೈವರೆಗೆ ಅಕ್ಕಿಯಲ್ಲಿ ಕೈ ಹಾಕಿ ಮೂರು ಪೊಟ್ಟಣ ತೆಗೆದರು. ಸಾಹಿತ್ಯಕ್ಕೆ ಇಷ್ಟು ಬೇಗ ಪರಿಣಾಮ ಆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈಗ ರಾಮಾಯಣವೇ ಆಗುತ್ತದೆ ಅಂತ ನಾನು ಕಾದೆ. ಅತ್ತೆಗೆ ಸಿಟ್ಟು ಬಂದದ್ದೇನೋ ಹೌದು, ಬೆಲ್ಲದ ಬಗ್ಗೆ ಅಲ್ಲ.

"ರಾವಣನಿಗೂ ಗಂಟೆಗಟ್ಟಲೆ ಮಾತಾಡ್ಲಿಕ್ಕೆ ಬಿಡ್ತಾರೆ. ನಿನ್ನ ಕತೆಯಲ್ಲಿ ಆ ಮುದುಕಿಗೆ ಒಂದು ಮಾತಿಲ್ಲ. ಅವಳ ಅರ್ಥ ಎಲ್ಲುಂಟು?"

ನಿಜ ಹೇಳಬೇಕೆಂದರೆ, ನನ್ನ ಬರಹಕ್ಕೆ ಇದುವರೆಗೆ ಸಿಕ್ಕಿದ ಒಳ್ಳೆಯ ವಿಮರ್ಶೆ ಅದು. ಬಾಯಿ ತಪ್ಪಿ ಹಾಗೇ ಹೇಳಿಯೂ ಬಿಟ್ಟೆ. "ಹಾಗಾದ್ರೆ ಬರ್ಕೋ" ಅಂದರು ಅತ್ತೆ, ಕಾಲು ನೀಡಿ ಕುಳಿತು. ಮೊದಲು ಡಾಕ್ಟರನಿಗೆ ಪ್ರಶ್ನೆ. ಆಮೇಲೆ ಬೆಲ್ಲವಿಲ್ಲದೆ ಯಾವ ದೇವರ ನೈವೇದ್ಯ ಆದೀತು ಎಂಬ ವಾದ. ಆಮೇಲೆ, ಮಗ ಚಿಕ್ಕವನಿದ್ದಾಗ ಡಬ್ಬದಿಂದ ಕದ್ದು ತಿಂದ ಬೆಲ್ಲದ ಪಟ್ಟಿ. ಇವರು ಅಕ್ಕಿ ಡಬ್ಬದ ಮೇಲೆ ಮದ್ದಳೆ ಬಾರಿಸುತ್ತಿದ್ದವರು ಆ ಭಾಗಕ್ಕೆ ಬರುವಾಗ ಪೆಟ್ಟು ನಿಲ್ಲಿಸಿದರು. ನಾಲ್ಕು ಪುಟ ತುಂಬಿತು, ಅತ್ತೆಗೆ ಇನ್ನೂ ಪೀಠಿಕೆಯೇ ಮುಗಿದಿರಲಿಲ್ಲ.

"ಸೊಸೆ ಮಾತಾಡುವುದು ಯಾವಾಗ?" ಅಂತ ಕೇಳಿದೆ.

"ಅವಳದ್ದು ಮೊದಲೇ ಆಗಿದೆಯಲ್ಲ, ಕತೆ ಇಡೀ" ಅಂದರು. "ಪುಟ ತಿರುಗಿಸು."